ಒಟ್ಟು ಮತದಲ್ಲಿ ಪಕ್ಷದ ಪಾಲೆಷ್ಟು, ಅಭ್ಯರ್ಥಿಯ ಪಾಲೆಷ್ಟು?

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ‘ಪಾಪ್ಯುಲರ್ ವೋಟ್’ ಅನ್ನು ನಮ್ಮ ಪತ್ರಿಕೆಗಳು ‘ಜನಪ್ರಿಯ ಮತ’ ಎಂದು ಬರೆಯುವುದುಂಟು. ಗೊಂದಲ ಶುರುವಾಗುವುದೇ ಅಲ್ಲಿ. ಅದು ದೇಶದ ತುಂಬ ಜನ ಹಾಕಿದ ಮತಗಳ ಮೊತ್ತ, ಅಷ್ಟೆ. ಅಭ್ಯರ್ಥಿಯ ಜನಪ್ರಿಯತೆ ಅದರಲ್ಲಿ ತಾನಾಗಿ ಕಾಣುವುದಿಲ್ಲ, ಬಿಡಿಸಿ ತೆಗೆಯಬೇಕು. ನಾನು ಅದನ್ನು ತೆಗೆಯುವ ಬಗೆ ಹೀಗಿದೆ.

ಎಣಿಕೆಯ ರಾತ್ರಿಯ ಅಂಕಿಗಳನ್ನು ಮುಟ್ಟುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅಂಚೆ ಮತಗಳ ಎಣಿಕೆ ವಾರಗಟ್ಟಲೆ ನಡೆಯುತ್ತದೆ. 2016ರಲ್ಲಿ ಹಿಲರಿ ಕ್ಲಿಂಟನ್ ಅವರ ಮುನ್ನಡೆ ದಿನೇ ದಿನೇ ಬೆಳೆದು ಕೊನೆಗೆ ಸುಮಾರು 28.7 ಲಕ್ಷಕ್ಕೆ ನಿಂತಿತು. ರಾಜ್ಯಗಳು ಪ್ರಮಾಣೀಕರಿಸಿದ ಅಂಕಿಗಳನ್ನೇ ಎಕ್ಸೆಲ್ ಹಾಳೆಗೆ ಇಳಿಸುತ್ತೇನೆ: ರಾಜ್ಯಕ್ಕೊಂದು ಸಾಲು, ಅಭ್ಯರ್ಥಿಗೊಂದು ಕಾಲಂ. ನ್ಯೂಯಾರ್ಕ್ ಬಂದಾಗ ಎಚ್ಚರ ಬೇಕು. ಅಲ್ಲಿ ಒಬ್ಬರ ಹೆಸರೇ ಎರಡು ಪಕ್ಷಗಳ ಸಾಲಿನಲ್ಲಿ ಇರಬಹುದು. 2020ರಲ್ಲಿ ಟ್ರಂಪ್ ಹೆಸರು ರಿಪಬ್ಲಿಕನ್, ಕನ್ಸರ್ವೇಟಿವ್ ಎರಡರಲ್ಲೂ ಇತ್ತು. ಎರಡನ್ನೂ ಕೂಡಿಸದಿದ್ದರೆ ಲೆಕ್ಕ ತಪ್ಪುತ್ತದೆ.

ಬರೀ ಮತಸಂಖ್ಯೆಯನ್ನು ಹೋಲಿಸಿದರೂ ಎಡವುತ್ತೇವೆ. 2012ರಲ್ಲಿ ಒಬಾಮಾಗೆ 6.59 ಕೋಟಿ ಮತ, 2016ರಲ್ಲಿ ಅದೇ ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್‌ಗೂ ಹೆಚ್ಚುಕಡಿಮೆ ಅಷ್ಟೇ. ಆದರೆ ಒಬಾಮಾ ಪಾಲು ಶೇ 51.1, ಕ್ಲಿಂಟನ್ ಪಾಲು ಶೇ 48.2. ಹಾಗೆಂದು ಕ್ಲಿಂಟನ್ ಆಕರ್ಷಣೆ ಸುಮಾರು ಮೂರು ಶೇಕಡಾ ಅಂಶ ಕುಸಿಯಿತು ಎನ್ನುವುದೂ ಅವಸರದ ಮಾತು, ಏಕೆಂದರೆ 2016ರಲ್ಲಿ ಸಣ್ಣ ಪಕ್ಷಗಳು ಹೆಚ್ಚು ಮತ ಒಯ್ದಿದ್ದವು. ದೊಡ್ಡ ಎರಡು ಪಕ್ಷಗಳ ಮತವನ್ನಷ್ಟೇ ಭಾಜಕವಾಗಿಟ್ಟು ನೋಡಿದರೆ ಒಬಾಮಾಗೆ 52.0, ಕ್ಲಿಂಟನ್‌ಗೆ 51.1. ವ್ಯತ್ಯಾಸ ಒಂದು ಅಂಶದೊಳಗೆ ಬಂತು. ಎರಡೂ ಶೇಕಡಾಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳದೆ ನಾನು ಏನನ್ನೂ ಬರೆಯುವುದಿಲ್ಲ.

ಎಲೆಕ್ಟೋರಲ್ ಕಾಲೇಜಿನ (ರಾಜ್ಯವಾರು ಹಂಚಿಕೆಯ ಮತಗಳಿಂದ ಕೊನೆಗೆ ಅಧ್ಯಕ್ಷರನ್ನು ಆರಿಸುವ ಮಂಡಳಿ) ಫಲಿತಾಂಶವನ್ನು ಬೇರೆ ಹಾಳೆಯಲ್ಲಿಡುತ್ತೇನೆ. 1992ರಲ್ಲಿ ಪಕ್ಷೇತರ ಅಭ್ಯರ್ಥಿ ರಾಸ್ ಪೆರೋ ಶೇ 18.9 ಮತ ಪಡೆದರೂ ಅವರಿಗೆ ಒಂದು ಎಲೆಕ್ಟೋರಲ್ ಮತವೂ ಸಿಗಲಿಲ್ಲ. 2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಶೇ 38 ಮತ ಬಂದು 80 ಸ್ಥಾನ, ಬಿಜೆಪಿಗೆ ಶೇ 36 ಬಂದು 104 ಸ್ಥಾನ ಸಿಕ್ಕಿದ್ದನ್ನು ಕಂಡ ನಮಗೆ ಇದೇನೂ ಹೊಸತಲ್ಲ.

ಇಷ್ಟಾದರೂ ಕೈಗೆ ಬಂದಿರುವುದು ಪಕ್ಷ ಮತ್ತು ಅಭ್ಯರ್ಥಿ ಕಲಸಿದ ಅಂಕಿ. ಬಹುತೇಕ ಮತದಾರರು ಪಕ್ಷ ನೋಡಿಯೇ ಗುರುತು ಹಾಕುತ್ತಾರೆ. ಜೊತೆಗೆ, ಪ್ರಚಾರವೆಲ್ಲ ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್‌ನಂಥ ಕೆಲವೇ ರಾಜ್ಯಗಳಲ್ಲಿ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ರಿಪಬ್ಲಿಕನ್ನರ ಮನೆ ಬಾಗಿಲು ತಟ್ಟುವವರೇ ಕಡಿಮೆ.

ಪಕ್ಷದಿಂದ ಅಭ್ಯರ್ಥಿಯನ್ನು ಬೇರ್ಪಡಿಸಲು ನನಗೆ ಗೊತ್ತಿರುವ ನಂಬಿಕಸ್ಥ ದಾರಿ ಒಂದೇ: ಅದೇ ದಿನ, ಅದೇ ಮತಪತ್ರದಲ್ಲಿ, ಅದೇ ಪಕ್ಷದಿಂದ ನಿಂತ ಇನ್ನೊಬ್ಬರ ಪಾಲನ್ನು ಕಳೆಯುವುದು. 2022ರ ಜಾರ್ಜಿಯಾ ಇದಕ್ಕೆ ಹೇಳಿ ಮಾಡಿಸಿದಂತಿದೆ. ಗವರ್ನರ್ ಸ್ಪರ್ಧೆಯಲ್ಲಿ ರಿಪಬ್ಲಿಕನ್ ಬ್ರಯಾನ್ ಕೆಂಪ್‌ಗೆ ಶೇ 53.4, ಸೆನೆಟ್‌ಗೆ ನಿಂತ ಹರ್ಷಲ್ ವಾಕರ್‌ಗೆ ಶೇ 48.5. ಕೊರತೆ 4.9. ಇಲ್ಲಿಗೆ ನಿಲ್ಲಿಸಬಾರದು, ಆ ಮತ ಎಲ್ಲಿಗೆ ಹೋಯಿತೆಂದು ನೋಡಬೇಕು. ಡೆಮಾಕ್ರಟಿಕ್ ಪಕ್ಷದ ರಫಾಯಲ್ ವಾರ್ನಾಕ್ ಶೇ 49.4 ಪಡೆದರೆ, ಗವರ್ನರ್ ಸ್ಪರ್ಧೆಯ ಸ್ಟೇಸಿ ಅಬ್ರಾಮ್ಸ್ ಪಡೆದದ್ದು 45.9. ಅಲ್ಲಿಗೆ 3.5 ಆಯಿತು. ಸಣ್ಣ ಪಕ್ಷವಾದ ಲಿಬರ್ಟೇರಿಯನ್ ಪಾಲು ಗವರ್ನರ್ ಸ್ಪರ್ಧೆಯ 0.7ರ ಜಾಗದಲ್ಲಿ ಸೆನೆಟ್‌ಗೆ 2.1, ಉಳಿದ 1.4 ಅಲ್ಲಿದೆ. ಹೀಗೆ ಮೂರೂ ಸಾಲು ತಾಳೆಯಾದ ಮೇಲೆಯೇ ವಾಕರ್ ಪಕ್ಷದ ಬಲಕ್ಕಿಂತ ಕಡಿಮೆ ಮತ ಪಡೆದರೆಂದು ಹೇಳುವ ಧೈರ್ಯ ಬರುವುದು. ಕೆಂಪ್ ಪಕ್ಷದ ಬಲಕ್ಕಿಂತ ಹೆಚ್ಚು ಮತ ಪಡೆದದ್ದರಿಂದಲೂ ಈ ಅಂತರ ಹಿಗ್ಗಿರಬಹುದು. ಹಾಗಾಗಿ ಎರಡು ಹುದ್ದೆಗಳ ಲೆಕ್ಕ ಸಾಲದು, ಮೂರನೆಯದೂ ಬೇಕು.

2024ರ ನಾರ್ತ್ ಕ್ಯಾರೊಲಿನಾದಲ್ಲಿ ಆ ಮೂರನೆಯದು ಏಕೆ ಬೇಕೆಂದು ಕಾಣುತ್ತದೆ. ಅಧ್ಯಕ್ಷ ಸ್ಥಾನಕ್ಕೆ ಟ್ರಂಪ್‌ಗೆ ಶೇ 50.9, ಡೆಮಾಕ್ರಟ್ ಕಮಲಾ ಹ್ಯಾರಿಸ್‌ಗೆ 47.7. ಗವರ್ನರ್ ಸ್ಥಾನಕ್ಕೆ ರಿಪಬ್ಲಿಕನ್ ಮಾರ್ಕ್ ರಾಬಿನ್ಸನ್ ಗಳಿಸಿದ್ದು 40.1, ಗೆದ್ದ ಡೆಮಾಕ್ರಟ್ ಜಾಶ್ ಸ್ಟೈನ್ 54.9. ಸ್ಟೈನ್ ಭಾರೀ ಜನಪ್ರಿಯ ಎಂದುಬಿಡಬಹುದೇ? ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ, ಅಲ್ಲಿ ಅದೂ ಚುನಾಯಿತ ಹುದ್ದೆ) ಸ್ಥಾನದ ಸಾಲು ತೆಗೆದೆ: ಅಲ್ಲಿ ಡೆಮಾಕ್ರಟ್‌ಗೆ 51ಕ್ಕೂ ಮೇಲೆ, ರಿಪಬ್ಲಿಕನ್‌ಗೆ 48ಕ್ಕೂ ಮೇಲೆ. ಆ ಸಾಲಿಗೆ ಹೋಲಿಸಿದರೆ ಸ್ಟೈನ್ ಮೂರ್ನಾಲ್ಕು ಅಂಶ ಮೇಲಿದ್ದಾರೆ, ರಾಬಿನ್ಸನ್ ಎಂಟರಷ್ಟು ಕೆಳಗಿದ್ದಾರೆ. ಗೆದ್ದವರ ಹೆಸರಿಗೆ ಬರೆದುಕೊಳ್ಳುವ ಅಂತರದಲ್ಲಿ ದೊಡ್ಡ ಪಾಲು ಸೋತವರದೇ.