ಸೋಲಾರ್ ವಾಟರ್ ಹೀಟರ್: ಸಬ್ಸಿಡಿ ಲೆಕ್ಕಕ್ಕಿಂತ ಮೊದಲು ನೀರಿನ ಲೆಕ್ಕ

ಗಂಗಾವತಿ, ಸಿಂಧನೂರು ಕಡೆ ಸೋಲಾರ್ ಹಾಕಿಸಬೇಕೆನ್ನುವವರು ಮೊದಲು ಕೇಳುವುದೇ ಸಬ್ಸಿಡಿ ಎಷ್ಟು ಬರುತ್ತದೆ ಅಂತ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ವಾಟರ್ ಹೀಟರ್‌ಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಶೇ. 30ರ ಸಹಾಯಧನ 2014ರಲ್ಲೇ ನಿಂತಿದೆ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯ 30,000ದಿಂದ 78,000 ರೂಪಾಯಿವರೆಗಿನ ಸಬ್ಸಿಡಿ ಇರುವುದು ಕರೆಂಟ್ ತಯಾರಿಸುವ ಪ್ಯಾನೆಲ್‌ಗೆ ಮಾತ್ರ, ನೀರು ಕಾಯಿಸುವ ಹೀಟರ್‌ಗಲ್ಲ. ಈ ಎರಡನ್ನೂ ಕಲಸಿ ಹೇಳುವ ಮಾರಾಟಗಾರರಿದ್ದಾರೆ. "ಯಾವ ಯೋಜನೆ, ಯಾವ ಉಪಕರಣಕ್ಕೆ" ಅಂತ ಕೊಟೇಷನ್ ಮೇಲೆ ಬರೆಸಿಕೊಳ್ಳಿ. ಜಿಎಸ್‌ಟಿ ಕೂಡ ಏರಿಳಿದಿದೆ: 2022ರ ಜುಲೈನಲ್ಲಿ ಶೇ. 5ರಿಂದ 12ಕ್ಕೆ ಹೋಗಿ, 2025ರ ಸೆಪ್ಟೆಂಬರ್ 22ರಿಂದ ಮತ್ತೆ 5ಕ್ಕೆ ಬಂದಿದೆ. ಹಳೆಯ ಕೊಟೇಷನ್ ಇದ್ದರೆ ಹೊಸದು ಕೇಳಿ.

ಉಳಿಯುವುದು ವಿದ್ಯುತ್ ಬಿಲ್‌ನಲ್ಲಿ ಸಿಗುವ ಸೋಲಾರ್ ರಿಯಾಯಿತಿ: ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ವರ್ಷಕ್ಕೆ 600 ರೂಪಾಯಿ ದಾಟುವುದಿಲ್ಲ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವವರಿಗೆ ಅದರಿಂದ ಏನೂ ಇಲ್ಲ. ಆದರೆ ಗೃಹಜ್ಯೋತಿಯೇ ಈಗ ಸೋಲಾರ್ ಹಾಕಿಸಲು ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ. ಒಬ್ಬರ ಸ್ನಾನಕ್ಕೆ ಎರಡು ಬಕೆಟ್, ಅಂದರೆ 40 ಲೀಟರ್ ನೀರನ್ನು 25 ಡಿಗ್ರಿಯಿಂದ 40ಕ್ಕೆ ಏರಿಸಲು 0.7 ಯೂನಿಟ್ ಬೇಕು. ನಾಲ್ವರಿಗೆ ದಿನಕ್ಕೆ 3 ಯೂನಿಟ್, ಚಳಿಗಾಲದಲ್ಲಿ ತಿಂಗಳಿಗೆ 90. ಗೀಸರ್ ಹಾಕಿ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಆ 90 ಯೂನಿಟ್ ಉಳಿಸುವುದೇ ನಿಜವಾದ ಸಬ್ಸಿಡಿ.

ಇನ್ನು ನೀರು. ನಮ್ಮ ಕಡೆ ಹೀಟರ್ ಕೆಡುವುದು ಬಿಸಿಲು ಸಾಲದೆ ಅಲ್ಲ, ಬೋರ್ ನೀರಿನಿಂದ. ಕುಡಿಯುವ ನೀರಿನ ಮಾನದಂಡದಲ್ಲಿ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಹಲವು ಬೋರ್‌ಗಳ ನೀರು ಇದನ್ನೂ ದಾಟುತ್ತದೆ. ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಸಾಲದು, ಅದು ಕರಗಿದ ಎಲ್ಲ ಲವಣವನ್ನೂ ಒಟ್ಟಿಗೆ ತೋರಿಸುತ್ತದೆ. ಗಡಸುತನ ಮತ್ತು ಕ್ಲೋರೈಡ್ ಬೇರೆ ಬೇರೆ ಬರೆದಿರುವ ಲ್ಯಾಬ್ ವರದಿ ತೆಗೆದುಕೊಳ್ಳಿ. ಗಡಸುತನ ಪೈಪಿನೊಳಗೆ ಬಿಳಿ ಸುಣ್ಣದ ಪದರ ಕಟ್ಟುತ್ತದೆ, ನೀರು 60 ಡಿಗ್ರಿ ದಾಟಿದ ಮೇಲೆ ಇನ್ನೂ ಬೇಗ. ಕ್ಲೋರೈಡ್ ಹೆಚ್ಚಿದ್ದರೆ 304 ದರ್ಜೆಯ ಸ್ಟೀಲ್ ಟ್ಯಾಂಕ್ ಬೆಸುಗೆಯ ಜಾಗದಲ್ಲೇ ಸೀಳುತ್ತದೆ. ಅಂಥ ನೀರಿಗೆ 316ಎಲ್ ಸ್ಟೀಲ್ ಅಥವಾ ಗ್ಲಾಸ್ ಲೈನಿಂಗ್ ಟ್ಯಾಂಕ್ ಬೇಕು.

ಎರಡು ಬಗೆ ಇವೆ. ಗಾಜಿನ ಟ್ಯೂಬಿನದು ಅಗ್ಗ. ಅದರಲ್ಲಿ ಸುಣ್ಣ ಕಟ್ಟಿದರೂ ಟ್ಯೂಬಿನ ತಳಕ್ಕೆ ಇಳಿಯುತ್ತದೆ, ಬಿಚ್ಚಿ ತೊಳೆಯಬಹುದು. ಆದರೆ ಒಂದು ಟ್ಯೂಬ್ ಒಡೆದರೂ ಟ್ಯಾಂಕ್ ಪೂರ್ತಿ ಖಾಲಿ. ಆನೆಗೊಂದಿ, ಗಂಗಾವತಿ ಸುತ್ತ ಕೋತಿ ಕಾಟ ಇರುವವರಿಗೆ ಇದು ಸಣ್ಣ ಮಾತಲ್ಲ. ಇನ್ನೊಂದು, ತಾಮ್ರದ ಕೊಳವೆಗಳ ಮೇಲೆ ಟಫನ್ಡ್ ಗಾಜು ಇರುವ ಫ್ಲ್ಯಾಟ್ ಪ್ಲೇಟ್. ಇದು ಕೋತಿಗೆ ಜಗ್ಗುವುದಿಲ್ಲ, ಐಎಸ್ 12933 ಗುರುತು ನೋಡಿ ಕೊಳ್ಳಬೇಕು. ಆದರೆ ಒಳಗಿನ ಕೊಳವೆಗಳು ಬೆರಳು ದಪ್ಪ, ಬೋರ್ ನೀರು ಬಿಟ್ಟರೆ ಕಟ್ಟಿಕೊಳ್ಳುತ್ತವೆ, ಆಮೇಲೆ ಆಸಿಡ್ ಹಾಕಿ ತೊಳೆಸಬೇಕು.

ನಾನು ಮಾಡಿದ್ದು ಇಷ್ಟೇ: ಫ್ಲ್ಯಾಟ್ ಪ್ಲೇಟ್ 100 ಲೀಟರ್, ಅದಕ್ಕೆಂದೇ ಪ್ರತ್ಯೇಕ 500 ಲೀಟರ್ ಓವರ್‌ಹೆಡ್ ಟ್ಯಾಂಕ್. ಅದಕ್ಕೆ ನಲ್ಲಿಯ ತುಂಗಭದ್ರಾ ನೀರು ಮಾತ್ರ, ಬೋರ್ ಲೈನ್ ಅದಕ್ಕೆ ಮುಟ್ಟುವುದೇ ಇಲ್ಲ. ದಿನಕ್ಕೆ ಖರ್ಚಾಗುವ ಬಿಸಿನೀರು 100 ಲೀಟರ್ ಒಳಗೆ, ಹಾಗಾಗಿ ನಲ್ಲಿ ನೀರು ನಾಲ್ಕೈದು ದಿನ ಬರದಿದ್ದರೂ ನಡೆಯುತ್ತದೆ. ಬೆರೆಸುವ ತಣ್ಣೀರು ಬೋರ್‌ನದೇ, ಅದರಿಂದ ತೊಂದರೆಯಿಲ್ಲ. ಬರೀ ಬೋರ್ ಇರುವ ಮನೆಗೆ ಮಾತ್ರ ನಾನು ಟ್ಯೂಬಿನದನ್ನೇ ಹೇಳುವುದು, ಮೇಲೆ ಜಾಲರಿ ಹೊದಿಸಿ.

100 ಲೀಟರ್ ಸಾಕೇ? 60 ಡಿಗ್ರಿಯ 100 ಲೀಟರಿಗೆ 25 ಡಿಗ್ರಿಯ ನೀರು ಬೆರೆಸಿದರೆ 40 ಡಿಗ್ರಿಯ 230 ಲೀಟರ್ ಆಗುತ್ತದೆ, ಅಂದರೆ 20 ಲೀಟರಿನ ಹನ್ನೊಂದು ಬಕೆಟ್. ನಾಲ್ವರಿಗೆ ಧಾರಾಳ. ದೊಡ್ಡದು ತಂದರೆ ಏಪ್ರಿಲ್-ಮೇನಲ್ಲಿ ಯಾರೂ ಮುಟ್ಟದ ನೀರು ಕುದಿಯುತ್ತಾ ಸುಣ್ಣ ಕಟ್ಟುತ್ತಿರುತ್ತದೆ.

ಕೂರಿಸುವಾಗ ಎತ್ತರವೇ ಮುಖ್ಯ. ತಣ್ಣೀರು ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಒಂದು ಅಡಿಯಾದರೂ ಮೇಲಿರಬೇಕು. ಫ್ಲ್ಯಾಟ್ ಪ್ಲೇಟ್‌ಗೆ ಅಂದರೆ ಛಾವಣಿಯಿಂದ ಸುಮಾರು 8 ಅಡಿ. 500 ಲೀಟರ್ ಅಂದರೆ ಅರ್ಧ ಟನ್, ಸ್ಟ್ಯಾಂಡನ್ನು ಗೋಡೆ ಅಥವಾ ತೊಲೆಯ ಮೇಲೆ ಕೂರಿಸಿ, ಸ್ಲ್ಯಾಬಿನ ನಡುವೆ ಬೇಡ. ಸೋಲಾರ್ ಟ್ಯಾಂಕಿನಿಂದ ಮೇಲೇಳುವ ಗಾಳಿ ಪೈಪು ತಣ್ಣೀರು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಒಂದಡಿ ಮೇಲಿರಲಿ. ನೀರು ಉಕ್ಕುತ್ತದೆಂದು ಅದರ ಬಾಯಿಗೆ ಕ್ಯಾಪ್ ಹಾಕುವ ಪ್ಲಂಬರ್‌ಗಳಿದ್ದಾರೆ, ಹಾಗೆ ಕ್ಯಾಪ್ ಹಾಕಲು ಖಂಡಿತ ಬಿಡಬೇಡಿ. ಕೆಳಗೆ ನಲ್ಲಿ ತೆರೆದು ನೀರಿಳಿದಾಗ ಒಳಗೆ ಗಾಳಿ ಹೋಗದೆ ನಿರ್ವಾತವಾಗಿ ಟ್ಯಾಂಕ್ ಒಳಕ್ಕೆ ಕುಸಿಯುತ್ತದೆ. ತಣ್ಣೀರಿನ ಲೈನಿಗೆ ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕದಿದ್ದರೆ ಬಿಸಿನೀರು ಹಿಂದಕ್ಕೆ ಮೇಲಿನ ಟ್ಯಾಂಕಿಗೆ ಏರುತ್ತದೆ. ಪ್ರೆಶರ್ ಪಂಪ್ ಇರುವ ಮನೆಗೆ ಪ್ರೆಶರ್ ಮಾದರಿಯನ್ನೇ ಕೇಳಬೇಕು.

ಬಿಸಿನೀರಿಗೆ ಸಿಪಿವಿಸಿ ಪೈಪು, ಅರ್ಧ ಇಂಚಿನದು. 10 ಮೀಟರ್ ಉದ್ದದ ಅರ್ಧ ಇಂಚಿನ ಪೈಪಿನಲ್ಲಿ ತಣ್ಣಗಾಗಿ ನಿಲ್ಲುವ ನೀರು ಸುಮಾರು ಒಂದೂಕಾಲು ಲೀಟರ್, ಮುಕ್ಕಾಲು ಇಂಚಿನದಾದರೆ ಅದರ ಎರಡು ಪಟ್ಟು. ಪೈಪಿಗೆ ಸುತ್ತುವ ಕಪ್ಪು ಫೋಮ್ ನಮ್ಮ ಬಿಸಿಲಿಗೆ ಬಿರಿದು ಉದುರುತ್ತದೆ, ಮೇಲೆ ಅಲ್ಯೂಮಿನಿಯಂ ಹೊದಿಕೆ ಹಾಕಿಸಿ.

ಗಾಜಿನ ಮುಖ ದಕ್ಷಿಣಕ್ಕೆ, ಇಳಿಜಾರು 25ರಿಂದ 30 ಡಿಗ್ರಿ. ನಮ್ಮ ಅಕ್ಷಾಂಶ 15-16, ಆದರೆ ಬಿಸಿನೀರು ಬೇಕಾದ ಡಿಸೆಂಬರ್‌ನಲ್ಲಿ ಸೂರ್ಯ ಕೆಳಗಿರುವುದರಿಂದ ಹತ್ತು ಡಿಗ್ರಿ ಹೆಚ್ಚು. ಮುಂದೆ ಸೂರ್ಯ ಘರ್ ಪ್ಯಾನೆಲ್ ಹಾಕಿಸುವ ಆಸೆಯಿದ್ದರೆ ಹೀಟರನ್ನು ಛಾವಣಿಯ ಉತ್ತರ ಬದಿಗೆ ಇಡಿ, ಎತ್ತರದ ಟ್ಯಾಂಕಿನ ನೆರಳು ಪ್ಯಾನೆಲ್ ಮೇಲೆ ಬೀಳುವುದಿಲ್ಲ. 1 ಕಿಲೋವ್ಯಾಟ್‌ಗೆ ಸುಮಾರು 10 ಚದರ ಮೀಟರ್ ಜಾಗ ಬಿಟ್ಟಿರಬೇಕು.

ರೈಸ್‌ಮಿಲ್ ಬೂದಿ, ಸಂಡೂರು ಕಡೆಯಾದರೆ ಕೆಂಧೂಳು, ಗಾಜಿನ ಮೇಲೆ ಕೂರುತ್ತದೆ. ಬೆಳಗಿನ ತಂಪಿನಲ್ಲೇ ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಬೇಡ. ಖಾಲಿ ಟ್ಯೂಬಿಗೆ ಮಧ್ಯಾಹ್ನ ನೀರು ಬಿಟ್ಟರಂತೂ ಸಿಡಿದೇ ಹೋಗುತ್ತದೆ. ಬೇಸಿಗೆಯಲ್ಲಿ ಅರ್ಧ ಗಾಜಿಗೆ ತಾಡಪಾಲು ಮುಚ್ಚಿ. ಮನೆಯಲ್ಲಿ ಮಕ್ಕಳಿದ್ದರೆ ಬಕೆಟ್‌ಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ.

ಬಿಲ್ ಕಟ್ಟುತ್ತಿರುವವರು ಆರ್‌ಆರ್ ನಂಬರ್, ಹೀಟರ್ ಬಿಲ್ಲಿನ ಪ್ರತಿ ಹಿಡಿದು ಜೆಸ್ಕಾಂ ಉಪವಿಭಾಗ ಕಚೇರಿಗೆ ಅರ್ಜಿ ಕೊಡಿ, ಮುಂದಿನ ಬಿಲ್‌ನಲ್ಲಿ ರಿಯಾಯಿತಿಯ ಸಾಲು ಬಂದಿದೆಯೇ ನೋಡಿ. ದರ ಆದೇಶ ಬದಲಾದಾಗಲೆಲ್ಲ ಆ ಸಾಲನ್ನು ಮತ್ತೊಮ್ಮೆ ಪರೀಕ್ಷಿಸಿ.