ಕೇರಿಯವರೇ ಸೇರಿ ಕೇರಿಗೆ ಬಣ್ಣ ಹಚ್ಚುವ ಕ್ರಮ

ಮೆಕ್ಸಿಕೋದ ಪಚುಕಾ ನಗರದ ಲಾಸ್ ಪಾಲ್ಮಿತಾಸ್ ಎಂಬ ಗುಡ್ಡದ ಬಡಾವಣೆಯಲ್ಲಿ 2015ರಲ್ಲಿ ಕಲಾವಿದರ ತಂಡವೊಂದು ನಿವಾಸಿಗಳ ಜೊತೆಗೂಡಿ 209 ಮನೆಗಳ ಹೊರಗೋಡೆಗಳನ್ನು ಒಂದೇ ಚಿತ್ರವಾಗಿ ಬೆಸೆಯಿತು. ಬ್ರೆಜಿಲ್‌ನ ರಿಯೊ ನಗರದ ಸಾಂತಾ ಮಾರ್ತಾ ಕೇರಿಯಲ್ಲಿ 2010ರಲ್ಲಿ 34 ಮನೆಗಳಿಗೆ ಬಣ್ಣ ಬಂದದ್ದು ಅಲ್ಲಿಯ ಯುವಜನರಿಗೇ ತರಬೇತಿ ಕೊಟ್ಟು ಮಾಡಿಸಿದ ಕೆಲಸದಿಂದ. ನಮ್ಮ ಮುಂಬಯಿಯ ಅಸಲ್ಫಾ ಗುಡ್ಡದ ಬಣ್ಣದ ಮನೆಗಳನ್ನಂತೂ ಮೆಟ್ರೊ ರೈಲಿನಿಂದಲೇ ನೋಡಬಹುದು. ಇಂಥ ಕೆಲಸವನ್ನು ನಮ್ಮ ಕೇರಿಗಳಲ್ಲಿಯೂ ಮಾಡಬಹುದು. ಆದರೆ ಬಣ್ಣದ ಡಬ್ಬಿ ತೆರೆಯುವುದು ಅದರ ಕೊನೆಯ ಹಂತವೆಂಬುದು ಮೊದಲೇ ತಿಳಿದಿರಬೇಕು.

ಕೂಲಿ ಮುಗಿಸಿದವರೂ ಮನೆಗೆಲಸಕ್ಕೆ ಹೋಗುವ ಹೆಂಗಸರೂ ಹಿಂತಿರುಗಿರುವ ಹೊತ್ತಿನಲ್ಲಿ ಸಭೆ ಸೇರಿಸಿ, ಪ್ರತಿ ಮನೆಯ ಒಪ್ಪಿಗೆಯನ್ನು ಬೇರೆಬೇರೆಯಾಗಿ ಕೇಳಿರಿ. ಬಾಡಿಗೆ ಮನೆಯಾದರೆ ಮಾಲೀಕರಿಂದ ಬರಹದಲ್ಲಿಯೇ ಒಪ್ಪಿಗೆ ಪಡೆಯಿರಿ. ಬಣ್ಣದ ಕಾರ್ಡಿನಲ್ಲಿ ಕಂಡದ್ದು ಬಿಸಿಲಿನ ಗೋಡೆಯ ಮೇಲೆ ಹಾಗೆಯೇ ಕಾಣುವುದಿಲ್ಲವಾದ್ದರಿಂದ, ಒಂದು ಚದರ ಅಡಿ ಬಳಿದು ಮನೆಯವರಿಗೆ ತೋರಿಸಿರಿ. ಬೇಡ ಎಂದವರ ಗೋಡೆಯನ್ನು ಹಾಗೆಯೇ ಬಿಟ್ಟುಬಿಡಿ. ಅದು ಅವರ ಮನೆ, ನಮ್ಮ ಚಿತ್ರದ ಹಲಗೆಯಲ್ಲ.

ಅನಂತರ ಗೋಡೆಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಅಂಗೈಯಿಂದ ಗೋಡೆಯನ್ನು ಒರೆಸಿದಾಗ ಕೈಗೆ ಬಿಳಿ ಪುಡಿ ಅಂಟಿದರೆ ಅದು ಸಾಮಾನ್ಯವಾಗಿ ಹಳೆಯ ಸುಣ್ಣ. ಅದನ್ನು ಕೆರೆದು, ಉಪ್ಪುಕಾಗದದಿಂದ ಉಜ್ಜಿ, ತೊಳೆದು, ಒಣಗಿಸಿದ ಮೇಲೆಯೇ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಲೇಪ) ಹಚ್ಚಬೇಕು. ಇಲ್ಲವಾದರೆ ಮೇಲಿನ ಬಣ್ಣ ಸುಣ್ಣದ ಸಮೇತ ಹಕ್ಕಳೆಯಾಗಿ ಉದುರುತ್ತದೆ. ನೆಲದಿಂದ ಮೊಣಕಾಲೆತ್ತರದವರೆಗೆ ಗೋಡೆ ತೇವವಾಗಿದ್ದರೆ ಕಾರಣ ಸಾಮಾನ್ಯವಾಗಿ ಪಕ್ಕದಲ್ಲಿ ನಿಂತ ಚರಂಡಿ ನೀರು ಅಥವಾ ಸೋರುವ ನಲ್ಲಿ. ಅದನ್ನು ಸರಿಪಡಿಸದೆ ಹಚ್ಚಿದ ಬಣ್ಣ ಒಂದು ಮಳೆಗಾಲವನ್ನೂ ತಾಳುವುದಿಲ್ಲ. ನನ್ನ ಮಟ್ಟಿಗೆ, ಕೈಯಲ್ಲಿರುವ ಹಣ ಚರಂಡಿಗೆ ಅಥವಾ ಬಣ್ಣಕ್ಕೆ ಮಾತ್ರ ಸಾಲುವಂತಿದ್ದರೆ ಅದು ಚರಂಡಿಗೇ ಹೋಗಬೇಕು. ಹೊಸ ಗಾರೆಯನ್ನು ಸುಮಾರು 28 ದಿನ ಬಿಟ್ಟು, ಪೂರ್ತಿ ಒಣಗಿದ ಮೇಲೆಯೇ ಮುಟ್ಟಬೇಕು.

ಹೊರಗೋಡೆಯ ಎಮಲ್ಷನ್ (ನೀರಿನಲ್ಲಿ ಕಲಸುವ ಬಣ್ಣ) 20 ಲೀಟರಿನ ಒಂದು ಬಕೆಟ್ ನಯವಾದ ಗೋಡೆಯ ಮೇಲೆ ಎರಡು ಸಲ ಬಳಿದರೆ ಸುಮಾರು 1000 ಚದರ ಅಡಿಗೆ ಬರುತ್ತದೆ. ಒರಟು ಗಾರೆ ಇನ್ನೂ ಹೆಚ್ಚು ಕುಡಿಯುತ್ತದೆ. ಮಳೆ ಮುಗಿದು ಗೋಡೆಗಳು ಒಣಗಿದ ನವೆಂಬರಿನ ನಂತರದ ದಿನಗಳು ಈ ಕೆಲಸಕ್ಕೆ ಅನುಕೂಲ.

ಕೇರಿಯಲ್ಲಿ ಬಣ್ಣ ಬಳಿಯುವುದನ್ನೇ ಕಸುಬಾಗಿ ಮಾಡಿಕೊಂಡವರು ಇದ್ದೇ ಇರುತ್ತಾರೆ. ಸಾರುವೆ ಹತ್ತುವ ಕೆಲಸವನ್ನು ಅವರಿಗೆ ವಹಿಸಿ, ಪೂರ್ತಿ ದಿನಗೂಲಿ ಕೊಡಿರಿ. ಸ್ವಯಂಸೇವೆಯ ಹೆಸರಿನಲ್ಲಿ ಅವರ ದುಡಿಮೆಯನ್ನು ಬಿಟ್ಟಿಯಾಗಿ ಪಡೆಯುವುದು ನ್ಯಾಯವಲ್ಲ. ನೆಲದ ಮೇಲೆ ನಿಂತು ಕೈಗೆಟುಕುವಷ್ಟು ಎತ್ತರದ ಭಾಗವನ್ನು ಮಕ್ಕಳೂ ಹಿರಿಯರೂ ಹಚ್ಚಬಹುದು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿರುವುದರಿಂದ ಕೆರೆಯುವಾಗ ಮಾತ್ರ ಮಕ್ಕಳನ್ನು ದೂರವಿಡಿ.

ಕೆಲಸ ಮುಗಿದ ದಿನ ಪ್ರತಿ ಬಣ್ಣದಲ್ಲಿಯೂ ಒಂದು ಲೀಟರ್ ಉಳಿಸಿ, ಮುಚ್ಚಳದ ಮೇಲೆ ಬಣ್ಣದ ಸಂಖ್ಯೆಯನ್ನೂ ಹಚ್ಚಿದ ಮನೆಗಳನ್ನೂ ಬರೆದು, ಬಿಗಿಯಾಗಿ ಮುಚ್ಚಿ, ಕೇರಿಯ ಒಂದು ಮನೆಯಲ್ಲಿ ನೆರಳಿನ ಜಾಗದಲ್ಲಿ ಇಡಿರಿ. ಮುಂದಿನ ಮಳೆ ಕಳೆದ ಮೇಲೆ ತೇಪೆ ಹಚ್ಚಲು ಅದೇ ಬೇಕಾಗುತ್ತದೆ.