‘ವಾಚ್ ಔಟ್’ ಬಳಸುವುದು ಹೇಗೆ?

ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದಕ್ಕೆ ಔಟ್, ಆಫ್ಟರ್, ಅಪ್‌ನಂಥ ಪುಟ್ಟ ಪದ ಸೇರಿ ಬೇರೆಯದೇ ಅರ್ಥ ಬಂದರೆ ಅದು ಫ್ರೇಸಲ್ ವರ್ಬ್. ‘ವಾಚ್’ ಅಂದರೆ ನೋಡು, ‘ಔಟ್’ ಅಂದರೆ ಹೊರಗೆ. ಎರಡೂ ಕೂಡಿದರೆ ‘ಹುಷಾರು’. ಕನ್ನಡ ಮಾಧ್ಯಮದಿಂದ ಪಿಯುಸಿಗೆ ಬಂದ ನಮ್ಮ ಭಾಗದ ಮಕ್ಕಳು ಇಂಥವನ್ನು ಪಟ್ಟಿ ಮಾಡಿ ಬಾಯಿಪಾಠ ಹಾಕುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ನಾವು ದಿನಾ ಎಚ್ಚರಿಕೆ ಹೇಳುವ ಜಾಗಗಳಿಂದಲೇ ಕಲಿತರೆ ಮರೆಯುವುದಿಲ್ಲ.

ಮೊದಲು ಒಂಟಿಯಾಗಿ ಬಳಸಿ. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಬರುತ್ತಿದೆ, ಹುಡುಗ ನೋಡದೆ ದಾಟಲು ಹೊರಟಿದ್ದಾನೆ. ‘ಏ ತಮ್ಮಾ, ಹುಷಾರ್!’ ಎಂದು ಕೂಗುತ್ತೇವಲ್ಲ, ಅಲ್ಲಿ ‘ವಾಚ್ ಔಟ್!’ ಸಾಕು. ‘ಲುಕ್ ಔಟ್!’ ಅಂದರೂ ಅದೇ. ಒತ್ತು ‘ಔಟ್’ ಮೇಲೆ ಬೀಳಲಿ. ಪ್ಲೀಸ್ ಬೇಡ, ಅಷ್ಟು ಹೊತ್ತು ಇರುವುದಿಲ್ಲ.

ಅಪಾಯ ಯಾವುದೆಂದು ಹೇಳಬೇಕಾದರೆ ‘ಫಾರ್’ ಬೇಕೇ ಬೇಕು. ಹೆಚ್ಚು ಮಂದಿ ಎಡವುವುದು ಇಲ್ಲೇ. ಅಂಜನಾದ್ರಿ ಬೆಟ್ಟ ಹತ್ತುವವರ ಕೈಯಲ್ಲಿ ಬಾಳೆಹಣ್ಣಿನ ಚೀಲ ಕಂಡರೆ ಕೋತಿಗಳು ಬಿಡುವುದಿಲ್ಲ. ಅವರಿಗೆ ‘ವಾಚ್ ಔಟ್ ಫಾರ್ ದ ಮಂಕೀಸ್’ ಅನ್ನಬೇಕು. ‘ವಾಚ್ ಔಟ್ ದ ಮಂಕೀಸ್’ ತಪ್ಪು. ‘ಔಟ್ ಫಾರ್’ ಎರಡನ್ನೂ ಬಿಟ್ಟು ‘ವಾಚ್ ದ ಮಂಕೀಸ್’ ಅಂದರೆ, ಕೇಳಿದವರು ಕೋತಿಗಳ ಆಟ ನೋಡುತ್ತಾ ನಿಂತಾರು.

ಅಪಾಯ ಇನ್ನೂ ಕಣ್ಣಿಗೆ ಬೀಳದಿದ್ದರೂ ಇದೇ ರೂಪ ನಡೆಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ನದಿಪಾತ್ರದ ಊರುಗಳಿಗೆ ಎಚ್ಚರಿಕೆ ಕೊಟ್ಟರು. ನೀರು ಇನ್ನೂ ಬಾರದ ಊರಿನವರಿಗೆ ಹೇಳುವ ಮಾತು: ‘ವಾಚ್ ಔಟ್ ಫಾರ್ ರೈಸಿಂಗ್ ವಾಟರ್.’ ನೀರು ಏರಬಹುದು, ಕಣ್ಣಿಟ್ಟಿರಿ ಎಂದರ್ಥ. ಕಾಲುವೆಗೆ ನೀರು ಬಿಟ್ಟಾಗ ದಂಡೆಯಲ್ಲಿ ಆಡುವ ಮಕ್ಕಳಿಗೂ ಇದನ್ನೇ ಹೇಳಬಹುದು.

ಮುಂದೆ ‘ಲುಕ್ ಔಟ್ ಫಾರ್’. ಇದಕ್ಕೆ ಅಕ್ಕರೆಯ ಅರ್ಥವೂ ಇದೆ. ರಾಯಚೂರಿನ ಹಾಸ್ಟೆಲ್‌ನಲ್ಲಿ ಅಕ್ಕ ತನ್ನ ತಂಗಿಗೆ ತೊಂದರೆಯಾಗದಂತೆ ಕಾಯುತ್ತಾಳೆ: ‘ಶೀ ಲುಕ್ಸ್ ಔಟ್ ಫಾರ್ ಹರ್ ಸಿಸ್ಟರ್.’ ಉಣ್ಣಿಸಿ, ತೊಡಿಸಿ, ಜ್ವರ ಬಂದರೆ ಆರೈಕೆ ಮಾಡುವುದಾದರೆ ಅದು ‘ಲುಕ್ ಆಫ್ಟರ್’. ಒಲೆಯ ಮೇಲಿನ ಹಾಲಿಗೆ ಇವೆರಡೂ ಬೇಡ, ‘ಕೀಪ್ ಆ್ಯನ್ ಐ ಆನ್ ದ ಮಿಲ್ಕ್’ ಅನ್ನಿ.

ಪತ್ರಿಕೆಯಲ್ಲಿ ಓದುವ ‘ಲುಕ್‌ಔಟ್ ನೋಟಿಸ್’ನಲ್ಲಿ ಅದು ನಾಮಪದ, ಒಂದೇ ಪದ. ಒತ್ತು ‘ಲುಕ್’ ಮೇಲೆ.

ಕನ್ನಡದಲ್ಲಿ ‘ಹುಷಾರ್’ಗೆ ಒಂದು ‘ರೀ’ ಸೇರಿಸಿದರೆ ಹಿರಿಯರಿಗೂ ಸಲ್ಲುತ್ತದೆ. ‘ವಾಚ್ ಔಟ್’ಗೆ ಆ ಅನುಕೂಲವಿಲ್ಲ. ‘ಯೂ ಬೆಟರ್ ವಾಚ್ ಔಟ್’ ಅಂತೂ ಬೆದರಿಕೆಯಂತೆ ಕೇಳುತ್ತದೆ. ಮೇಷ್ಟ್ರು ಒದ್ದೆ ಮೆಟ್ಟಿಲು ಇಳಿಯುತ್ತಿದ್ದರೆ ‘ಪ್ಲೀಸ್ ಬಿ ಕೇರ್‌ಫುಲ್, ಸರ್’ ಅನ್ನಿ. ನಿನ್ನೆಯ ಸಂಗತಿ ಹೇಳುವಾಗಲೂ ‘ಐ ವಾಚ್ಡ್ ಔಟ್’ ಸಹಜವಲ್ಲ, ‘ಐ ವಾಸ್ ಕೇರ್‌ಫುಲ್’ ಸರಿ.

ಇನ್ನು ಅಭ್ಯಾಸ. ಮನೆಯಿಂದ ಕಾಲೇಜಿನವರೆಗಿನ ದಾರಿಯಲ್ಲಿ ಎಚ್ಚರ ಬೇಕಾದ ಐದು ಕಡೆ ಗುರುತಿಸಿ: ಗುಂಡಿ, ಬೀದಿನಾಯಿ, ಜೋತುಬಿದ್ದ ಕರೆಂಟ್ ತಂತಿ, ಏನಾದರೂ ಸರಿ. ಒಂದೊಂದಕ್ಕೂ ‘ಫಾರ್’ ಹಾಕಿ ವಾಕ್ಯ ಬರೆಯಿರಿ, ಜೊತೆಗೆ ನಡೆಯುವ ಗೆಳೆಯರಿಗೆ ಅಲ್ಲಲ್ಲೇ ಬಾಯಿಬಿಟ್ಟು ಹೇಳಿ.